ಎರಡು ಕೂದಲೆಳೆ ಕೆಂಪು

ಬಣ್ಣ ತಪ್ಪಿಸಿ ಅಚ್ಚು ಹಾಕಿಕೊಡಿ ಎಂದು ಕೇಳಿಕೊಂಡು ಬರುವ ಗಿರಾಕಿಯನ್ನು ಮಿಷನ್ ಮಾಮ ತನ್ನ ಅರವತ್ತೆರಡು ವರ್ಷದ ಆಯಸ್ಸಿನಲ್ಲಿ ನೋಡಿರಲಿಲ್ಲ. ಬಣ್ಣ ತಪ್ಪಿತು ಎಂದು ಜಗಳಕ್ಕೆ ಬಂದವರನ್ನು ನೋಡಿದ್ದ. ಸೋಪಿನ ಲೇಬಲ್ಲಿನ ಮಗುವಿನ ತುಟಿಯ ಕೆಂಪು ಗದ್ದಕ್ಕೆ ಇಳಿದು, ಮಗು ಯಾರದೋ ರಕ್ತ ಕುಡಿದು ಬಂದಂತೆ ಕಾಣುತ್ತಿದೆ ಎಂದು ಇಡೀ ಕಟ್ಟನ್ನು ಮೇಜಿನ ಮೇಲೆ ಕುಕ್ಕಿ ಹೋದವರನ್ನೂ ನೋಡಿದ್ದ. ಆದರೆ ಇವರು ಬೇರೆ ತರಹ. ಎದುರು ಬೀದಿಯ ಶಾಲೆಯ ಡ್ರಾಯಿಂಗ್ ಟೀಚರ್. ಐವತ್ತರ ಆಸುಪಾಸು, ಉಗುರ ಸಂದಿಯಲ್ಲೆಲ್ಲ ಒಣಗಿದ ಬಣ್ಣ, ಹೆಗಲಲ್ಲಿ ಸುರುಳಿ ಸುತ್ತಿದ ಕಾಗದಗಳ ಚೀಲ. ಎಂಟು ಮೆಟ್ಟಿಲು ಇಳಿದು ನೆಲಮಾಳಿಗೆಯ ಪ್ರೆಸ್ಸಿಗೆ ಬಂದವರೇ ಉಸಿರು ಕೂಡ ತೆಗೆದುಕೊಳ್ಳದೆ ಶುರು ಮಾಡಿದರು.

"ಮಾಮ, ಹಳದಿ, ನೀಲಿ, ಕಪ್ಪು, ಮೂರೂ ಸರಿಯಾಗಿ ಕೂತಿರ್ಬೇಕು. ಕೆಂಪು ಮಾತ್ರ ಎಡಕ್ಕೆ ಎರಡು ಕೂದಲೆಳೆ ಜರುಗಿರ್ಬೇಕು. ಒಂದಲ್ಲ, ಮೂರಲ್ಲ. ಎರಡೇ. ಆಗುತ್ತಾ?"

"ಟೀಚರಮ್ಮ, ಬಿಸಿಲು ಜಾಸ್ತಿ ಇದೆ, ಮೊದ್ಲು ಕೂತ್ಕೊಳ್ಳಿ. ನೀರು ಕೊಡ್ಲಾ?"

"ತಲೆ ಸರಿಯಾಗೇ ಇದೆ ಮಾಮ. ಇದನ್ನ ನೋಡಿ, ಆಮೇಲೆ ನಗಿ."

ಚೀಲದಿಂದ ಒಂದು ಹಳೆಯ ಹಾಳೆ ಹೊರಬಂತು. ಅದನ್ನು ಅವರು ಮಲಗಿರುವ ಮಗುವನ್ನು ಎತ್ತುವಂತೆ ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಹರಡಿದರು. ಕ್ಯಾಲೆಂಡರಿನ ಕೊನೆಯ ಹಾಳೆ. ಕೆಳಗೆ ನವೆಂಬರ್, ಡಿಸೆಂಬರ್. ಮೇಲೆ ಉಲ್ಕಾವೀರ.

ಉಲ್ಕಾವೀರ ಯಾರೆಂದು ಗೊತ್ತಿಲ್ಲದವರಿಗೆ ಎರಡು ಮಾತು. ನಲವತ್ತು ವರ್ಷದ ಹಿಂದೆ ಮಕ್ಕಳ ಚಿತ್ರಕಥೆಯ ಒಂದು ಪತ್ರಿಕೆಯಲ್ಲಿ ವಾರವಾರ ಆಕಾಶದಿಂದ ಬೀಳುತ್ತಿದ್ದ ವೀರ ಇವನು. ಬೀಳುತ್ತಿದ್ದ ಎಂದರೆ ನಿಜವಾಗಿಯೂ ಬೀಳುತ್ತಿದ್ದ. ಹಾರಲು ಬರುತ್ತಿರಲಿಲ್ಲ ಪಾಪ, ಬೀಳುವುದಷ್ಟೇ ಗೊತ್ತಿತ್ತು, ಅದೂ ಕೆಟ್ಟವರ ತಲೆಯ ಮೇಲೆ ಗುರಿಯಿಟ್ಟು. ಬೆನ್ನಿಗೆ ಕೆಂಪು ಹೊದಿಕೆ, ನೀಲಿ ಪ್ಯಾಂಟಿನ ಮೇಲೆ ಹಳದಿ ಚಡ್ಡಿ. ವೈರಿಯ ಹೆಸರು ಕತ್ತಲರಾಯ. ವರ್ಷದ ಕೊನೆಯ ಸಂಚಿಕೆಯ ಜೊತೆ ಪತ್ರಿಕೆಯವರು ಆರು ಹಾಳೆಯ ಕ್ಯಾಲೆಂಡರ್ ಒಂದನ್ನು ಬಿಟ್ಟಿ ಕೊಟ್ಟಿದ್ದರು. ಎರಡೆರಡು ತಿಂಗಳಿಗೆ ಒಂದು ಹಾಳೆ, ಆರು ಹಾಳೆಗೂ ಸೇರಿ ಒಂದೇ ಕಥೆ. ತಾರೀಕಿನ ಚೌಕಗಳಲ್ಲಿ ತುಂಟ ಮಾತುಗಳು: "ಇಂದು ಕತ್ತಲರಾಯನ ಹುಟ್ಟುಹಬ್ಬ, ಬಾಗಿಲು ಭದ್ರ", "ಇಂದು ಉಲ್ಕಾವೀರನಿಗೆ ನೆಗಡಿ, ಯಾರೂ ಅಪಾಯಕ್ಕೆ ಸಿಕ್ಕಿಕೊಳ್ಳಬೇಡಿ". ಮರುವರ್ಷವೇ ಪತ್ರಿಕೆ ನಿಂತಿತು. ಆದರೆ ಓದಿ ಬೆಳೆದವರು ನಿಲ್ಲಲಿಲ್ಲ. ಟೀಚರ್, ಒಬ್ಬ ಬಸ್ ಡ್ರೈವರ್, ಒಬ್ಬ ಹಲ್ಲಿನ ಡಾಕ್ಟರು, ಬ್ರೆಡ್ ಅಂಗಡಿಯ ಅಕ್ಕತಂಗಿಯರು, ಹೀಗೆ ಐದು ಜನ ಸೇರಿ ಪ್ರತಿವರ್ಷ ತಾವೇ ಹೊಸ ಕಥೆ ಬರೆದು, ಚಿತ್ರ ಬಿಡಿಸಿ, ಅದೇ ಹಳೆಯ ಠೀವಿಯಲ್ಲಿ ಹೊಸ ಕ್ಯಾಲೆಂಡರ್ ಮಾಡಿ, ಇನ್ನೂ ಒಂದೈವತ್ತು ಅಭಿಮಾನಿಗಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಮಾರಾಟಕ್ಕಲ್ಲ, ಪ್ರೀತಿಗೆ.

"ಇಷ್ಟು ವರ್ಷ ಕಂಪ್ಯೂಟರಲ್ಲಿ ಮಾಡಿಸ್ತಿದ್ವಿ. ಈ ಸಲ ನಲವತ್ತನೇ ವರ್ಷ. ಹಳೇ ಮಿಷನ್ನಲ್ಲೇ, ಒಂದೊಂದೇ ಬಣ್ಣ ಹಾಕ್ಸಿ, ನಡುಕದ ಸಮೇತ ಮಾಡ್ಬೇಕು ಅಂತ ಹಟ."

"ನಡುಕ ಅಂದ್ರೆ?"

ಟೀಚರ್ ಬೆರಳಿಟ್ಟು ತೋರಿಸಿದರು. ಕೊನೆಯ ಹಾಳೆಯಲ್ಲಿ ಉಲ್ಕಾವೀರ ಬಾವಿಯಿಂದ ಮೇಲೆ ಬಂದು ಒಬ್ಬನೇ ನಿಂತಿದ್ದಾನೆ. ಅವನ ಹೊದಿಕೆಯ ಕೆಂಪು ಕಪ್ಪು ಗೆರೆಯೊಳಗೆ ನಿಂತಿಲ್ಲ. ಎಡಕ್ಕೆ ಸರಿದು ಹೊರಗೆ ಇಣುಕಿದೆ. ಬಲಗಡೆ ಅಷ್ಟೇ ಅಗಲದ ಬಿಳಿ ಉಳಿದಿದೆ. ನೋಡುತ್ತಾ ನಿಂತರೆ ಇಡೀ ಮನುಷ್ಯ ಸಣ್ಣಗೆ ನಡುಗುತ್ತಿರುವಂತೆ ಕಾಣುತ್ತದೆ.

"ಉಳಿದ ಐದು ಹಾಳೇಲಿ ಇದಿಲ್ಲ ಮಾಮ, ಇದೊಂದ್ರಲ್ಲೇ ಇರೋದು. ಬೇಕಂತಲೇ ಮಾಡಿರೋದು. ಅದು ಭಯ ಅಂತ ನಾನು. ವೇಗ ಅಂತ ಡ್ರೈವರ್. ಇದೇ ವಿಷಯಕ್ಕೆ ನಾವಿಬ್ರೂ ಎರಡು ವರ್ಷ ಮಾತು ಬಿಟ್ಟಿದ್ವಿ. ಹಾಳೆ ಕೆಳಗೆ ಸಣ್ಣಕ್ಷರದಲ್ಲಿ ಇದೇ ಕಟ್ಟಡದ ವಿಳಾಸ ಇದೆ. ಮಾಡಿದವರು ಯಾರು ಅಂತ ನಿಮಗೇನಾದ್ರೂ ಗೊತ್ತಾ?"

ಮಾಮ ಭೂತಗನ್ನಡಿ ತೆಗೆದು ಹಾಳೆಯ ಮೇಲಿಟ್ಟು ಬಗ್ಗಿದ. ನೋಡಬೇಕಾಗಿರಲಿಲ್ಲ. ಮುಖ ಮರೆಮಾಡಲು ಏನಾದರೂ ಬೇಕಿತ್ತು, ಅಷ್ಟೇ.

ಗೊತ್ತಾ ಅಂದರೆ. ಆ ಕೆಂಪನ್ನು ಓಡಿಸಿದವನು ಅವನೇ.

ಆಗ ಈ ನೆಲಮಾಳಿಗೆಯಲ್ಲಿ ಮೂರು ಮಿಷನ್ನುಗಳು ಒಟ್ಟಿಗೆ ಗುಡುಗುತ್ತಿದ್ದವು. ಮಾಮನಿಗೆ ಇಪ್ಪತ್ತೆರಡು, ಕೆಲಸಕ್ಕೆ ಸೇರಿ ಎಂಟು ತಿಂಗಳು. ಸೇರಿಸಿದ್ದು ಭಾವ, ಅಂದರೆ ಅಕ್ಕನ ಗಂಡ. ಅಮ್ಮ ಬೇಗ ಹೋಗಿಬಿಟ್ಟಿದ್ದರಿಂದ ಮಾಮನನ್ನು ಸಾಕಿದವಳು ಅಕ್ಕನೇ, ಮದುವೆಯಾಗಿ ಹೋಗುವಾಗ ಹಾಸಿಗೆ ಪೆಟ್ಟಿಗೆಯ ಜೊತೆಗೆ ತಮ್ಮನನ್ನೂ ಕರೆದುಕೊಂಡೇ ಹೋಗಿದ್ದಳು. ಭಾವ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಅವರು ಪ್ರೆಸ್ಸಿನಲ್ಲಿ ಪ್ಲೇಟಿನ ಕೆಲಸದವರು. ಚಿತ್ರವನ್ನು ನಾಲ್ಕು ಬಣ್ಣಕ್ಕೆ ನಾಲ್ಕು ತಗಡಿನ ಪ್ಲೇಟಾಗಿ ಇಳಿಸಿ, ಮಿಷನ್ನಿಗೆ ಕಟ್ಟಿಕೊಡುವುದು ಅವರ ಪಾಲಿನದು. ಹತ್ತೊಂಬತ್ತು ವರ್ಷದ ಸರ್ವಿಸು. ಕೂದಲೆಳೆಯಷ್ಟು ವ್ಯತ್ಯಾಸವನ್ನು ಭೂತಗನ್ನಡಿ ಇಲ್ಲದೆ ಹೇಳುತ್ತಿದ್ದ ಕಣ್ಣು.

ಒಂಟಿ ಬಣ್ಣದ ಮಿಷನ್ನಿನಲ್ಲಿ ಒಂದು ಸಲಕ್ಕೆ ಒಂದೇ ಬಣ್ಣ. ಅದೇ ಹಾಳೆ ನಾಲ್ಕು ಸಲ ಮಿಷನ್ನಿನೊಳಗೆ ಹೋಗಿ ಬರಬೇಕು. ಪ್ರತಿಸಲವೂ ಅದೇ ಜಾಗದಲ್ಲಿ ಕೂರಬೇಕು. ಅದಕ್ಕೇ ನೂರು ಹಾಳೆಗೊಮ್ಮೆ ಒಂದನ್ನು ಎಳೆದು, ಮೂಲೆಯ ಪ್ಲಸ್ ಗುರುತುಗಳು ಒಂದರ ಮೇಲೊಂದು ಕೂತಿವೆಯಾ ಎಂದು ನೋಡುವುದು ಮಿಷನ್ ಓಡಿಸುವವನ ಧರ್ಮ. ಮಾಮ ಐದು ಹಾಳೆಗಳನ್ನು ಹಾಗೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓಡಿಸಿದ. ಆದರೆ ಆ ಐದು ಹಾಳೆ ಓಡಿಸುವಷ್ಟರಲ್ಲಿ ಕಥೆ ಅವನ ತಲೆಗೆ ಹತ್ತಿತ್ತು. ಐದನೆಯ ಹಾಳೆಯ ಕೊನೆಗೆ ಕತ್ತಲರಾಯ ಉಲ್ಕಾವೀರನನ್ನು ತಳವಿಲ್ಲದ ಬಾವಿಗೆ ತಳ್ಳಿದ್ದ. ಬೀಳುವುದಷ್ಟೇ ಗೊತ್ತಿರುವವನು ತಳವಿಲ್ಲದ ಬಾವಿಗೆ ಬಿದ್ದರೆ ಮುಂದೇನು? ಮೂರು ದಿನ ಮಾಮನಿಗೆ ಊಟ ರುಚಿಸಲಿಲ್ಲ.

ಆರನೆಯ ಹಾಳೆಯ ಪ್ರೂಫ್ ಅವನ ಕೈಗೆ ಸಿಕ್ಕಿದ್ದು ಕೆಂಪು ಓಡಿಸುವ ದಿನ. ಮಿಷನ್ ಚಾಲೂ ಮಾಡಿ, ಮೊದಲ ನೂರು ಹಾಳೆ ನೋಡಿ, ಸರಿ ಇದೆ ಅಂದುಕೊಂಡು, ಮಾಮ ಮಿಷನ್ನಿನ ಹಿಂದೆ ಕಾಗದದ ರೀಮುಗಳ ಮೇಲೆ ಕೂತು ಪ್ರೂಫ್ ಹಿಡಿದುಕೊಂಡ. ಓದಿದ. ಮತ್ತೆ ಓದಿದ. ತಾರೀಕಿನ ಚೌಕದ ಮಾತುಗಳನ್ನೂ ಬಿಡದೆ ಓದಿದ. ಅಷ್ಟರಲ್ಲಿ ಕಾಗದವನ್ನು ಪಕ್ಕದಿಂದ ಒತ್ತಿ ಹಿಡಿಯುವ ಗೈಡಿನ ಸ್ಕ್ರೂ ಮಿಷನ್ನಿನ ಕುಲುಕಿಗೆ ಸಡಿಲಗೊಂಡಿತ್ತು. ತಲೆ ಎತ್ತಿದಾಗ ರಾಶಿ ಮುಗಿದಿತ್ತು. ಮೂರು ಸಾವಿರ ಹಾಳೆ, ಮೊದಲ ಕೆಲವು ನೂರು ಬಿಟ್ಟರೆ ಎಲ್ಲದರಲ್ಲೂ ಕೆಂಪು ಎರಡು ಕೂದಲೆಳೆ ಎಡಕ್ಕೆ.

ಬೇರೆ ಕಾಗದ ಇರಲಿಲ್ಲ, ದಿನವೂ ಇರಲಿಲ್ಲ. ಪ್ರೆಸ್ಸಿನ ಧಣಿ ಹಲ್ಲು ಕಚ್ಚಿಕೊಂಡು ಅದರ ಮೇಲೆಯೇ ನೀಲಿ, ಕಪ್ಪು ಹಾಕಿಸಿ ಕಳಿಸಿದ. ಪತ್ರಿಕೆಯವರು ಇನ್ನು ನಿಮ್ಮ ಸಹವಾಸ ಬೇಡ ಎಂದರು. ಆ ಮಧ್ಯಾಹ್ನ ಧಣಿ ಬಾಗಿಲಲ್ಲಿ ನಿಂತು ಇದು ಯಾರ ಕೆಲಸ ಎಂದು ಕೇಳಿದಾಗ ಮಾಮ ಮಿಷನ್ನಿನ ಹಿಂದಿನಿಂದ ಹೊರಬರಲಿಲ್ಲ. ಭಾವ ಪ್ಲೇಟಿನ ಮೇಜು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು.

"ಪ್ಲೇಟೇ ಜರುಗಿತ್ತು. ಹುಡುಗ ನನ್ನ ಕೇಳಿದ. ಪರವಾಗಿಲ್ಲ ಓಡಿಸು ಅಂತ ನಾನೇ ಅಂದೆ."

ಅವರ ಲೆಕ್ಕಾಚಾರ ಸರಳ. ಎಂಟು ತಿಂಗಳವನನ್ನು ಕತ್ತು ಹಿಡಿದು ನೂಕುತ್ತಾರೆ, ಹತ್ತೊಂಬತ್ತು ವರ್ಷದವನನ್ನು ನಾಲ್ಕು ಮಾತು ಬೈದು ಬಿಡುತ್ತಾರೆ. ಲೆಕ್ಕಾಚಾರ ತಪ್ಪಿತು. ಧಣಿ ಅವರನ್ನು ಅಂದೇ ಮನೆಗೆ ಕಳಿಸಿದ. ಮೆಟ್ಟಿಲು ಹತ್ತುತ್ತಾ ಭಾವ ಮಾಮನ ಭುಜ ತಟ್ಟಿ, "ನಿಮ್ಮಕ್ಕನಿಗೆ ಹೇಳ್ಬೇಡ ಕಣೋ, ಸುಮ್ನೆ ನಿನ್ನ ಮೇಲೆ ಹಾರಾಡ್ತಾಳೆ. ನಾಲ್ಕು ದಿನದಲ್ಲಿ ವಾಪಸ್ ಕರೀತಾರೆ ನೋಡು" ಅಂದರು.

ಕರೆಯಲಿಲ್ಲ. ನಾಲ್ಕು ದಿನ ತಿಂಗಳಾಯಿತು, ತಿಂಗಳು ವರ್ಷವಾಯಿತು. ಹೆಸರು ಕೆಟ್ಟ ಪ್ಲೇಟಿನವರನ್ನು ಬೇರೆ ಪ್ರೆಸ್ಸಿನವರೂ ತೆಗೆದುಕೊಳ್ಳಲಿಲ್ಲ. ಆ ಕಣ್ಣು, ಆ ಕೈ, ಕೊನೆಗೆ ಒಂದು ಪಾರ್ಸಲ್ ಶೆಡ್ಡಿನಲ್ಲಿ ಗೋಣಿಚೀಲದ ಮೇಲೆ ವಿಳಾಸ ಬರೆಯಲು ಹೋದವು. ಆಮೇಲೆ ಸೈಕಲ್ ಸ್ಟ್ಯಾಂಡಿನಲ್ಲಿ ಟೋಕನ್ ಕೊಡಲು. ನರ್ಸ್ ಆಗುತ್ತೇನೆ ಎನ್ನುತ್ತಿದ್ದ ಮಗಳ ಓದು ಹತ್ತಕ್ಕೇ ನಿಂತಿತು. ಅಕ್ಕ ಹೊಲಿಗೆ ಮಿಷನ್ನಿನ ಮುಂದೆ ಕೂತವಳು ಇವತ್ತಿನವರೆಗೂ ಎದ್ದಿಲ್ಲ.

ಬೈಗುಳಕ್ಕೇನೂ ಬರವಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಭಾವ ತಡವರಿಸಿದರೆ, "ಬಿಡಿ ಬಿಡಿ, ಆ ಕಣ್ಣಿನ ಭಾಗ್ಯ ನನಗೆ ಗೊತ್ತಿಲ್ವಾ? ನೆಟ್ಟಗಿದ್ದಿದ್ರೆ ಪ್ರೆಸ್ಸಲ್ಲಿ ಇರ್ತಿದ್ರಿ". ಕೊನೆಕೊನೆಗೆ ಪೊರೆ ಬಂದು ಅವರು ನೀರಿನ ಲೋಟಕ್ಕೆ ತಡಕಾಡುವಾಗಲೂ, "ಯಾವಾಗ ಸರಿ ಇತ್ತು ಅದು?" ಭಾವ ನಗುತ್ತಿದ್ದರು. ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ ಮಾಮ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಮೊದಲ ವರ್ಷ ಹೇಳಲು ಧೈರ್ಯ ಇರಲಿಲ್ಲ. ಐದು ವರ್ಷದ ಮೇಲೆ ಹೇಳಲು ಮುಖ ಇರಲಿಲ್ಲ. ಆರು ವರ್ಷದ ಹಿಂದೆ ಭಾವ ತೀರಿಹೋದ ಮೇಲಂತೂ, ಇನ್ನು ಹೇಳಿ ಯಾರಿಗೇನು ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡಿದ್ದ. ಮದುವೆಯಾಗದ ಮಾಮನಿಗೆ ಲೋಕದಲ್ಲಿ ಉಳಿದ ಒಂದೇ ಬಾಗಿಲು ಅಕ್ಕನದು. ಮಧ್ಯಾಹ್ನದ ಊಟಕ್ಕೆ ದಿನಾ ಅಲ್ಲಿಗೇ ಹೋಗುತ್ತಿದ್ದ.

ಈಗ ಈ ಟೀಚರ್ ಎದುರಿಗೆ ನಿಂತು, ಕಣ್ಣರಳಿಸಿ, ಯಾರು ಮಾಡಿದ್ದು ಎಂದು ಕೇಳುತ್ತಿದ್ದಾರೆ. ಬೈಯಲು ಅಲ್ಲ, ಹೊಗಳಲು.

"ಪ್ಲೇಟು ಕಟ್ಟಿದ್ದು ನಮ್ಮ ಭಾವ" ಅಂದ ಮಾಮ.

"ನಿಮ್ಮ ಭಾವಾನಾ! ಅಂದ್ರೆ ಬೇಕಂತಲೇ ಮಾಡಿದ್ದು ತಾನೇ?"

ಹೊರಗೆ ಯಾರೋ ತಳ್ಳುಗಾಡಿ ನೂಕಿಕೊಂಡು ಹೋದರು. ಆ ಸದ್ದು ಮುಗಿಯುವವರೆಗೆ ಮಾಮನಿಗೆ ಸಮಯವಿತ್ತು.

"ಹೌದು" ಅಂದ. "ಬೇಕಂತಲೇ."

ಟೀಚರ್ ಹಾರಿ ಕುಣಿಯುವುದೊಂದು ಬಾಕಿ. ಮಾಮನ ಎದೆಯಲ್ಲೂ ಏನೋ ಹಗುರವಾಯಿತು. ಒಂದು ಸುಳ್ಳು ಭಾವನ ಮರ್ಯಾದೆ ಕಳೆದಿತ್ತು, ಇನ್ನೊಂದು ಸುಳ್ಳು ಅದನ್ನು ತಂದುಕೊಡುತ್ತದೆ. ಯಾರಿಗೂ ನಷ್ಟವಿಲ್ಲ. ಅಕ್ಕ ಗಂಡನನ್ನು ಬೇರೆ ಕಣ್ಣಿಂದ ನೋಡುತ್ತಾಳೆ. ಮಾಮ ಬಾಯಿ ಬಿಡಬೇಕಾದ್ದೂ ಇಲ್ಲ.

ಆ ಮೂರು ವಾರ ನೆಲಮಾಳಿಗೆ ಬೇರೆಯೇ ಆಗಿಹೋಯಿತು. ಐವರೂ ಸರದಿಯ ಮೇಲೆ ಬಂದು ಮಿಷನ್ನಿನ ಸುತ್ತ ನಿಲ್ಲುತ್ತಿದ್ದರು. ಹಲ್ಲಿನ ಡಾಕ್ಟರು ಶಾಯಿಯ ರೋಲರ್ ಮುಟ್ಟಿ ಬೆರಳು ಕೆಂಪು ಮಾಡಿಕೊಂಡು ಹಾಗೇ ಆಸ್ಪತ್ರೆಗೆ ಹೋಗಿ ರೋಗಿಯೊಬ್ಬನನ್ನು ಹೆದರಿಸಿದರಂತೆ. ಬ್ರೆಡ್ ಅಂಗಡಿಯ ತಂಗಿ ಚೌಕದೊಳಗಿನ ತುಂಟ ಮಾತುಗಳನ್ನು ಗಟ್ಟಿಯಾಗಿ ಓದುವುದು, ಅವಳಕ್ಕ ತಾರೀಕು ತಪ್ಪು ಎಂದು ಕಿತ್ತಾಡುವುದು.

"ಭಯ ಅಂತ ಅವರೇ ಹೇಳಿದ್ರಾ ಮಾಮ? ನಿಮ್ಮ ಭಾವ?" ಡ್ರೈವರ್ ಕೇಳಿದ.

"ಹಾಗೇನೂ... ಅವರು ಮಾತು ಕಡಿಮೆ."

"ನೋಡಿ! ವೇಗ ಅಲ್ಲ ಅಂತ ಹೇಳ್ಲಿಲ್ಲ!"

"ಭಯ ಅಲ್ಲ ಅಂತಾನೂ ಹೇಳ್ಲಿಲ್ಲ. ಸುಮ್ನಿರಿ, ಬಸ್ ಓಡಿಸೋರಿಗೆ ಎಲ್ಲಾ ವೇಗವಾಗೇ ಕಾಣೋದು" ಎಂದರು ಟೀಚರ್.

ಕೆಂಪಿನ ದಿನ ಮಾಮ ಗೈಡಿನ ಸ್ಕ್ರೂವನ್ನು ತಾನೇ ಸಡಿಲಿಸಿದ. ಅಂದು ತಾನಾಗಿ ಆದದ್ದು ಇಂದು ಬೇಕೆಂದರೂ ಆಗುತ್ತಿಲ್ಲ. ಒಂದು ಹಾಳೆಗೆ ಒಂದು ಎಳೆ, ಇನ್ನೊಂದಕ್ಕೆ ನಾಲ್ಕು. ಅರ್ಧ ದಿನ ಹೆಣಗಿದ ಮೇಲೆ ಎರಡಕ್ಕೆ ನಿಂತಿತು. ಹಾಳೆ ಎಳೆದು ಬೆಳಕಿಗೆ ಹಿಡಿದಾಗ ಐವರೂ ಚಪ್ಪಾಳೆ ಹೊಡೆದರು. ಮಾಮ ಹಾಳೆಯನ್ನು ಬೋರಲು ಹಾಕಿ ಮತ್ತೆ ಸ್ಕ್ರೂ ಕಡೆ ಬಗ್ಗಿದ. ಸಂಕೋಚ ಅಂದುಕೊಂಡರು ಅವರು.

ಹಿಂಬದಿಯ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ, "ಉಲ್ಕಾವೀರನಿಗೆ ನಡುಕ ಕೊಟ್ಟ ಕಲಾವಿದರಿಗೆ" ಎಂದು ಅಚ್ಚಾಗಿ, ಕೆಳಗೆ ಭಾವನ ಪೂರ್ತಿ ಹೆಸರು ಬಂತು.

ಮೊದಲ ಪ್ರತಿ ಹಿಡಿದು ಮಾಮ ಅಕ್ಕನ ಮನೆಗೆ ಓಡಿದ ಎಂದರೂ ಆದೀತು. ಅಕ್ಕ ಹೊಲಿಗೆ ಮಿಷನ್ನಿನ ಮುಂದೆ ಯಾರದೋ ಪರದೆಗೆ ಅಂಚು ಹಾಕುತ್ತಿದ್ದಳು.

"ಬಂದ್ಯಾ ಪುಟ್ಟ? ಕೈ ತೊಳಿ. ಆ ಶಾಯಿ ಉಗುರಿಟ್ಕೊಂಡು ತಟ್ಟೆ ಮುಟ್ಟಿದ್ರೆ ನೋಡು."

ಅರವತ್ತೆರಡರ ಪುಟ್ಟ ಕೈ ತೊಳೆದುಕೊಂಡು ಬಂದು ಕೂತ. ಎರಡು ತುತ್ತು ತಿನ್ನುವಷ್ಟೂ ತಾಳ್ಮೆ ಇರಲಿಲ್ಲ. ಕ್ಯಾಲೆಂಡರ್ ಬಿಚ್ಚಿ ಅವಳ ಮಡಿಲಿಗಿಟ್ಟ.

"ಏನೋ ಇದು? ಪ್ಯಾಂಟ್ ಮೇಲೆ ಚಡ್ಡಿ ಹಾಕ್ಕೊಂಡೋನು ಮತ್ತೆ ಬಂದ್ನಾ? ಇವನ ದೆಸೆಯಿಂದ ಮನೆ ಹಾಳಾಗಿದ್ದು ಸಾಲ್ದಾ?"

"ಹಿಂದುಗಡೆ ನೋಡು ಅಕ್ಕ. ಭಾವನ ಹೆಸರು."

ಅಕ್ಕ ಕನ್ನಡಕ ಸರಿಮಾಡಿಕೊಂಡು ಓದಿದಳು. ಒಂದೊಂದೇ ಅಕ್ಷರವನ್ನು ಬೆರಳಿನಿಂದ ಮುಟ್ಟಿ ಓದಿದಳು.

"ಕಲಾವಿದರು ಅಂತ ಹಾಕಿದಾರೆ."

"ಹೂಂ! ಆ ಕೆಂಪು ತಪ್ಪಿದ್ದಲ್ಲ ಅಕ್ಕ. ಭಾವ ಬೇಕಂತಲೇ ಹಾಗೆ ಮಾಡಿದ್ದು. ಈಗ ಜನ ಅದನ್ನ ಹುಡುಕ್ಕೊಂಡು ಬರ್ತಿದಾರೆ. ಓದಿದೋರು, ಡಾಕ್ಟರುಗಳು. ನಮಗೆ ಗೊತ್ತಾಗ್ಲಿಲ್ಲ ಅಷ್ಟೇ."

"ಬೇಕಂತ?"

"ಹೂಂ."

"ಬೇಕಂತ ಮಾಡಿದ್ರಾ ಅವರು?"

ಎರಡನೆಯ ಸಲ ಕೇಳಿದಾಗಿನ ದನಿ ಬೇರೆ ಇತ್ತು. ಮಾಮನಿಗೆ ಅದು ತಡವಾಗಿ ತಿಳಿಯಿತು. ಅಕ್ಕ ಕ್ಯಾಲೆಂಡರನ್ನು ಮಡಿಲಿಂದ ತೆಗೆದು ನೆಲದ ಮೇಲಿಟ್ಟಳು.

"ನಾನು ಬಾಯಿಗೆ ಬಂದಂಗೆ ಬೈತಿದ್ದೆ ಕಣೋ, ನಿಜ. ಆದ್ರೆ ಒಳಗೊಳಗೆ ಅಂದ್ಕೋತಿದ್ದೆ, ಪಾಪ, ಮನುಷ್ಯನ ಕಣ್ಣು, ಒಂದು ದಿನ ತಪ್ಪಿರುತ್ತೆ. ಅವರೇನು ಮಾಡ್ತಾರೆ ಅಂತ. ಅದೊಂದು ಇಟ್ಕೊಂಡೇ ಇಷ್ಟು ವರ್ಷ ಅವರ ಜೊತೆ ಬಾಳಿದ್ದು. ಈಗ ನೀನು ಹೇಳ್ತೀಯ, ಚಡ್ಡಿಯವನ ಚಿತ್ರ ಚೆಂದ ಕಾಣ್ಲಿ ಅಂತ ಮಗಳ ಓದು ಮುರಿದ್ರು ಅಂತ. ತಿಳಿದೂ ತಿಳಿದೂ. ಒಂದು ಮಾತು ನನಗೆ ಹೇಳದೆ."

"ಹಾಗಲ್ಲ ಅಕ್ಕ..."

"ಮತ್ತೆ ಹೇಗೆ?"

ಅವಳು ಎದ್ದಳು. ಮಂಡಿ ನೋವಿಗೆ ಮೇಜು ಹಿಡಿದು, ನಿಧಾನವಾಗಿ, ಎದುರು ಗೋಡೆಯವರೆಗೆ ನಡೆದಳು. ಅಲ್ಲಿ ಭಾವನ ಫೋಟೋ. ಸೈಕಲ್ ಸ್ಟ್ಯಾಂಡಿನ ಟೋಪಿ ಹಾಕಿಕೊಂಡು ನಗುತ್ತಿರುವ ಫೋಟೋ, ಅವರದು ಅಂತ ಇದ್ದದ್ದು ಅದೊಂದೇ. ಅಕ್ಕ ಅದನ್ನು ಮೊಳೆಯಿಂದ ತೆಗೆದಳು. ಕೋಪದಿಂದ ಕಿತ್ತಿದ್ದರೆ ಮಾಮ ತಡೆದುಕೊಳ್ಳುತ್ತಿದ್ದನೇನೋ. ಸೆರಗಿನಿಂದ ಒರೆಸಿ, ಮುಖ ಕೆಳಗಾಗಿ ಕಪಾಟಿನ ಮೇಲಿಡಲು ಕೈ ಎತ್ತಿದಳು.

"ಅಕ್ಕ, ಅದನ್ನ ಅಲ್ಲೇ ಹಾಕು. ಅವರಲ್ಲ. ನಾನು."

ಅಕ್ಕ ತಿರುಗಿ ನೋಡಿದಳು.

ಹೇಳಿದ. ಮೊದಲ ನೂರು ಹಾಳೆ, ರೀಮಿನ ಮೇಲೆ ಕೂತದ್ದು, ಸ್ಕ್ರೂ, ಬಾಗಿಲಲ್ಲಿ ನಿಂತ ಧಣಿ, ಭಾವ ಮುಂದಿಟ್ಟ ಒಂದು ಹೆಜ್ಜೆ, ಮೆಟ್ಟಿಲ ಮೇಲೆ ಆಡಿದ ಮಾತು, ಮೊನ್ನೆ ಟೀಚರ್ ಎದುರು ತಾನು ಹೆಣೆದ ಸುಳ್ಳು. ನಲವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿ ಮುಗಿಸಲು ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

"ಓದ್ತಾ ಕೂತಿದ್ಯಾ?" ಅಕ್ಕ ಕೇಳಿದಳು.

"ಹೂಂ."

"ಇದನ್ನ?"

"ಹೂಂ. ಕೊನೇ ಭಾಗ."

ಅಕ್ಕ ಫೋಟೋ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತಳು. ಅಳಲಿಲ್ಲ. ಹೊಡೆಯಲೂ ಇಲ್ಲ. ಹೊಡೆದಿದ್ದರೆ ಮಾಮನಿಗೆ ಎಷ್ಟೋ ಉಪಕಾರವಾಗುತ್ತಿತ್ತು.

"ಮೂವತ್ನಾಲ್ಕು ವರ್ಷ ಬೈದಿದೀನಿ ಅವರನ್ನ. ಮಗಳ ಮುಂದೆ ಬೈದೆ, ಬಂದೋರ ಮುಂದೆ ಬೈದೆ, ಕಣ್ಣು ಹೋದ್ಮೇಲೂ ಬೈದೆ. ನೀನು ಪಕ್ಕದಲ್ಲಿ ಕೂತು ಉಣ್ತಿದ್ದೆ. ಇನ್ನೊಂಚೂರು ಹಾಕು ಅಕ್ಕ ಅಂತಿದ್ದೆ." ಫೋಟೋವನ್ನು ತನ್ನ ಕಡೆ ತಿರುಗಿಸಿಕೊಂಡು ಕೇಳಿದಳು, "ಆ ಬೈಗುಳನೆಲ್ಲ ಈಗ ನಾನು ಎಲ್ಲಿಗೆ ಹೋಗಿ ವಾಪಸ್ ತಗೊಳ್ಲಿ? ಹೇಳು. ಎಲ್ಲಿ ಸಿಗ್ತಾರೆ?"

ಮಾಮ ತಟ್ಟೆ ಸರಿಸಿ ಏಳಲು ಹೋದ.

"ತಟ್ಟೇಲಿ ಇರೋದನ್ನ ಮುಗ್ಸು. ಚೆಲ್ಲೋದು ಬೇಡ. ನಾಳೆಯಿಂದ ಬರಬೇಡ."

ಅವನು ಮುಗಿಸಿದ. ಒಂದು ಅಗುಳೂ ಬಿಡದೆ, ಅವಳೆದುರಿಗೆ ಕೂತು, ನುಂಗಿ ನುಂಗಿ ಮುಗಿಸಿದ. ತಟ್ಟೆ ತೊಳೆದಿಟ್ಟು ಬಾಗಿಲು ಎಳೆದುಕೊಂಡು ಬಂದ.

ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಟೀಚರಿಗೂ ಎಲ್ಲ ಹೇಳಿದ. ಆ ಹೊತ್ತಿಗೆ ಮೂವತ್ತು ಪ್ರತಿ ಅಂಚೆಗೆ ಹೋಗಿಯಾಗಿತ್ತು. ಮಕ್ಕಳು ಅವರಿಗೆ ಟಾಟಾ ಮಾಡುತ್ತಾ ಹೋದವು, ಅವರು ಕೈ ಎತ್ತಲಿಲ್ಲ.

"ಅಂದ್ರೆ ಅದು ಭಯಾನೂ ಅಲ್ಲ, ವೇಗಾನೂ ಅಲ್ಲ."

"ಅಲ್ಲ ಟೀಚರಮ್ಮ. ಸ್ಕ್ರೂ."

ಟೀಚರಿಗೆ ನಗು ಬಂತು, ಬಂದ ನಗು ಅರ್ಧಕ್ಕೇ ನಿಂತಿತು. "ಕೊನೇ ಭಾಗ ಕೈಯಲ್ಲಿದ್ದು ಓದದೇ ಇರೋಕೆ ಯಾರಿಂದ ಆಗ್ತಿತ್ತು ಮಾಮ? ನನ್ನಿಂದಂತೂ ಆಗ್ತಿರ್ಲಿಲ್ಲ."

"ಆಗ್ಬೇಕಿತ್ತು" ಅಂದ ಮಾಮ. "ಅದು ಹೋಗ್ಲಿ. ಓದಿದ್ದು ಒಂದು ಗಂಟೆ. ಆಮೇಲೆ ಬಾಯಿ ಮುಚ್ಕೊಂಡಿದ್ದು ನಲವತ್ತು ವರ್ಷ. ಅದಕ್ಕೆ ಯಾವ ಸ್ಕ್ರೂ ಸಡಿಲ ಆಗಿತ್ತು ಅಂತ ಹೇಳ್ಲಿ?"

ರಟ್ಟಿನ ಮೇಲೆ ಅಂಟಿಸಲು ಅವನೇ ಒಂದು ಚೀಟಿ ಅಚ್ಚು ಹಾಕಿದ. ಬರೀ ಕಪ್ಪಿನಲ್ಲಿ. "ಕೆಂಪು ಜರುಗಿದ್ದು ಮಿಷನ್ ಓಡಿಸುತ್ತಿದ್ದವನ ಅಜಾಗರೂಕತೆಯಿಂದ. ಪ್ಲೇಟು ಸರಿಯಾಗಿತ್ತು. ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡು ಕೆಲಸ ಕಳೆದುಕೊಂಡವರು ಪ್ಲೇಟು ಕಟ್ಟಿದವರು." ಕೆಳಗೆ ಎರಡು ಹೆಸರು, ಯಾವುದು ಯಾರದು ಎಂದು ಅನುಮಾನಕ್ಕೆ ಎಡೆಯಿಲ್ಲದಂತೆ. ಐವರೂ ಕೂತು ಉಳಿದ ಪ್ರತಿಗಳಿಗೆ ಅಂಟಿಸಿದರು, ಹೋದ ಮೂವತ್ತರ ಬೆನ್ನಿಗೆ ಚೀಟಿಗಳನ್ನು ಅಂಚೆಗೆ ಹಾಕಿದರು. ಅವತ್ತು ಯಾರೂ ಕಿತ್ತಾಡಲಿಲ್ಲ. ಡ್ರೈವರ್ ಹೋಗುವಾಗ ಮಾತ್ರ ಮೆಲ್ಲಗೆ, "ಆದ್ರೂ ನನಗೆ ಹಾಗೇ ಕಾಣುತ್ತೆ ಮಾಮ. ಓಡ್ತಾ ಇರೋ ಹಾಗೆ" ಅಂದ.

ಚೀಟಿ ಅಂಟಿಸಿದ ಒಂದು ಪ್ರತಿಯನ್ನು ಮಾಮ ಅಕ್ಕನ ವಿಳಾಸಕ್ಕೆ ಅಂಚೆಯಲ್ಲೇ ಕಳಿಸಿದ. ಎರಡು ಬೀದಿ ಆಚೆಗೆ ಅಂಚೆ. ಉತ್ತರ ಬರಲಿಲ್ಲ. ಮೊದಲ ವಾರ ಮಧ್ಯಾಹ್ನವಾದರೆ ಕಾಲುಗಳು ತಾವಾಗಿಯೇ ಆ ಕಡೆ ತಿರುಗುತ್ತಿದ್ದವು. ಕಿಟಕಿಯಿಂದ ಹೊಲಿಗೆ ಮಿಷನ್ನಿನ ಸದ್ದು ಕೇಳಿಸುವಷ್ಟು ಹತ್ತಿರ ಹೋಗಿ, ನಿಂತು, ವಾಪಸಾಗುತ್ತಿದ್ದ. ಒಂದು ದಿನ ಅವನು ನಿಂತಾಗಲೇ ಆ ಸದ್ದು ನಿಂತಿತು. ಅವನು ಹೊರಟ ಮೇಲೆ ಮತ್ತೆ ಶುರುವಾಯಿತು. ಅಂದಿನಿಂದ ಅವನು ಆ ಬೀದಿಗೆ ಹೋಗಲಿಲ್ಲ. ಪೊಟ್ಟಣ ಕಟ್ಟಿಸಿಕೊಂಡು ಬಂದು ಪ್ರೆಸ್ಸಿನಲ್ಲೇ ನಿಂತುಕೊಂಡು ತಿಂದ.

ಹೆಚ್ಚುಕಡಿಮೆ ಒಂದು ತಿಂಗಳು ಕಳೆದಿರಬೇಕು. ಮಧ್ಯಾಹ್ನ ಮಿಷನ್ ನಿಲ್ಲಿಸಿ ರೋಲರ್ ಒರೆಸುತ್ತಿದ್ದಾಗ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಒಂದು ಮೆಟ್ಟಿಲು, ತಡೆದು ಇನ್ನೊಂದು. ಅಕ್ಕ. ಗಂಡ ಹತ್ತೊಂಬತ್ತು ವರ್ಷ, ತಮ್ಮ ನಲವತ್ತು ವರ್ಷ ದುಡಿದ ಈ ಜಾಗಕ್ಕೆ ಅವಳು ಒಮ್ಮೆಯೂ ಇಳಿದು ಬಂದಿರಲಿಲ್ಲ.

ಸುತ್ತ ನೋಡಿದಳು. ಧಣಿಯ ಮಕ್ಕಳು ಉಳಿದ ಮಿಷನ್ನುಗಳನ್ನು ಮಾರಿ, ಅರ್ಧ ಜಾಗವನ್ನು ಪ್ಲಾಸ್ಟಿಕ್ ಕುರ್ಚಿಯವರಿಗೆ ಗೋದಾಮಾಗಿ ಕೊಟ್ಟಿದ್ದರು. ಒಂದರೊಳಗೊಂದು ಪೇರಿಸಿದ ಕುರ್ಚಿಗಳು ಸೂರಿನವರೆಗೆ ನಿಂತಿದ್ದವು.

"ಎಲ್ಲಿ ನಿಂತಿದ್ರು?" ಅಂದಳು.

ಯಾರು ಎಂದು ಮಾಮ ಕೇಳಲಿಲ್ಲ. ಕಿಟಕಿಯ ಬುಡಕ್ಕೆ ಹೋಗಿ, ನಾಲ್ಕು ಕುರ್ಚಿ ಸಾಲು ಪಕ್ಕಕ್ಕೆ ಎಳೆದ. ಪ್ಲೇಟಿನ ಮೇಜು ಯಾವತ್ತೋ ಹೋಗಿತ್ತು. ಅದರ ಕಾಲು ಕಚ್ಚಿದ್ದ ನಾಲ್ಕು ತುಕ್ಕು ಕಲೆಗಳು ನೆಲದಲ್ಲಿ ಹಾಗೇ ಇದ್ದವು.

"ಇದರ ಮುಂದೆ. ಒಂದು ಹೆಜ್ಜೆ."

ಅಕ್ಕ ಅಲ್ಲಿ ಹೋಗಿ ನಿಂತಳು.

"ಯಾವ ಕಡೆ ಮುಖ?"

"ಬಾಗಿಲ ಕಡೆ."

ಬಾಗಿಲ ಕಡೆ ತಿರುಗಿದಳು. "ನೀನು?"

"ಅಲ್ಲಿ. ಮಿಷನ್ ಹಿಂದೆ."

"ಹೋಗಿ ನಿಂತ್ಕೋ."

ಅವನು ಹೋಗಿ ನಿಂತ. ಒರೆಸುವ ಬಟ್ಟೆ ಇನ್ನೂ ಕೈಯಲ್ಲೇ ಇತ್ತು. ಅಕ್ಕ ಕತ್ತು ತುಸು ತಿರುಗಿಸಿದಳು.

"ಇಲ್ಲಿಂದ ಕಾಣ್ತೀಯ ನೀನು."

"ಹೂಂ."

"ಅವರಿಗೂ ಕಾಣ್ತಿದ್ದೆ ಹಾಗಾದ್ರೆ. ನೋಡಿದ್ರಾ ನಿನ್ನ ಕಡೆ?"

"ಒಂದು ಸಲ ನೋಡಿದ್ರು."

"ಕೋಪ ಇತ್ತಾ?"

ಮಾಮ ಇಲ್ಲವೆಂದು ತಲೆ ಅಲ್ಲಾಡಿಸಿದ.

ಅಕ್ಕ ಮತ್ತೆ ಬಾಗಿಲ ಕಡೆ ತಿರುಗಿದಳು. ಕೈಗಳು ಪಕ್ಕದಲ್ಲಿ ಇಳಿಬಿದ್ದಿದ್ದವು. ಏನನ್ನೋ ಒಪ್ಪಿಸಲು ಬಂದವರು ಯಾರಿಗೆ ಒಪ್ಪಿಸುವುದೆಂದು ತಿಳಿಯದೆ ನಿಲ್ಲುತ್ತಾರಲ್ಲ, ಹಾಗೆ. ತುಟಿ ಒಂದೆರಡು ಸಲ ಅಲುಗಿತು. ಏನೆಂದಳೋ, ಮಾಮನಿಗೆ ಕೇಳಿಸಲಿಲ್ಲ. ಅವನಿಗೆ ಹೇಳಿದ್ದೂ ಅಲ್ಲ ಅದು.

ಆಮೇಲೆ ಸೆರಗು ಸರಿಮಾಡಿಕೊಂಡು ಮೆಟ್ಟಿಲ ಕಡೆ ನಡೆದಳು. ಮಾಮ ಓಡಿಬಂದು ಕೈ ಚಾಚಿದ. ಅವಳು ಆ ಕೈಯನ್ನು ನೋಡಿದಳು, ನೋಡಿ, ಗೋಡೆಯನ್ನು ಹಿಡಿದುಕೊಂಡಳು. ಒಂದು ಮೆಟ್ಟಿಲು, ತಡೆದು ಇನ್ನೊಂದು. ಅವಳು ಬೀದಿ ಸೇರಿದ ಮೇಲೂ ಸ್ವಲ್ಪ ಹೊತ್ತು ಚಪ್ಪಲಿಯ ಸದ್ದು ಕೇಳುತ್ತಿತ್ತು.